ಅಟ್ಲಾಂಟಿಕ್ ತಳದಲ್ಲಿ ಓಡುವ ಬೆಳಕು: ಸಮುದ್ರದ ಕೇಬಲ್ ಕೆಲಸ ಮಾಡುವುದು ಹೇಗೆ?

ಅಮೆರಿಕದ ಪೂರ್ವ ಕರಾವಳಿಯಲ್ಲಿ ವರ್ಜೀನಿಯಾ ಬೀಚ್ ಅನ್ನೋ ಊರಿದೆ. ಅಲ್ಲಿಂದ ಸಮುದ್ರಕ್ಕಿಳಿದ ಒಂದು ಕೇಬಲ್, ಅಟ್ಲಾಂಟಿಕ್ ತಳ ಹಿಡಿದು 6,600 ಕಿ.ಮೀ. ದಾಟಿ, ಸ್ಪೇನ್‌ನ ಬಿಲ್ಬಾವೊ ಪಕ್ಕದ ಸೊಪೆಲಾನಾದಲ್ಲಿ ದಡ ಹತ್ತುತ್ತದೆ. ಹೆಸರು ಮರೇಯಾ. ಮೈಕ್ರೋಸಾಫ್ಟ್ ಮತ್ತು ಫೇಸ್‌ಬುಕ್ ಸೇರಿ ಹಾಕಿಸಿದ್ದು. ನೋಡಿಕೊಳ್ಳುವುದು ಸ್ಪೇನ್‌ನ ಟೆಲ್ಕ್ಸಿಯಸ್ ಕಂಪನಿ. 2016ರ ಮೇ ತಿಂಗಳಲ್ಲಿ ಘೋಷಣೆಯಾಯಿತು, 2017ರ ಸೆಪ್ಟೆಂಬರ್ ಹೊತ್ತಿಗೆ ಎಳೆದು ಮುಗಿದಿತ್ತು. ಒಳಗಿರುವುದು ಎಂಟೇ ಎಂಟು ಜೋಡಿ ಗಾಜಿನ ಎಳೆ, ಅಂದರೆ ಫೈಬರ್. ಅಷ್ಟರಲ್ಲೇ ಸೆಕೆಂಡಿಗೆ 160 ಲಕ್ಷ ಕೋಟಿ ಬಿಟ್ ಸಾಗಿಸಬಹುದು ಅಂತ ಶುರುವಿನಲ್ಲೇ ಲೆಕ್ಕ ಹಾಕಿದ್ದರು.

ಖಂಡದಿಂದ ಖಂಡಕ್ಕೆ ಹೋಗುವ ಡೇಟಾದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಹೋಗುವುದು ಇಂಥ ಕೇಬಲ್‌ಗಳಲ್ಲೇ. ಹಾಗಾದರೆ ಸ್ಯಾಟಲೈಟ್? 36,000 ಕಿ.ಮೀ. ಎತ್ತರದಲ್ಲಿ ನಿಂತಿರುವ ಸ್ಯಾಟಲೈಟ್‌ಗೆ ಹತ್ತಿ ಇಳಿಯುವುದಕ್ಕೇ ಸಿಗ್ನಲ್‌ಗೆ ಸುಮಾರು ಕಾಲು ಸೆಕೆಂಡ್ ಬೇಕು. ಮರೇಯಾದಲ್ಲಿ ಈ ದಡದಿಂದ ಆ ದಡಕ್ಕೆ ಬೆಳಕು ಹೋಗುವುದಕ್ಕೆ ಸೆಕೆಂಡಿನ ಸಾವಿರದಲ್ಲಿ 33 ಭಾಗ ಸಾಕು. ಈಗ ಬಂದಿರುವ ಕೆಳಕಕ್ಷೆಯ ಸ್ಯಾಟಲೈಟ್‌ಗಳು ಹತ್ತಿರದಲ್ಲಿವೆ, ವೇಗವಾಗಿಯೂ ಇವೆ, ನಿಜ. ಆದರೆ ಅವು ಹೊರುವ ಡೇಟಾ ಕೇಬಲ್‌ಗೆ ಹೋಲಿಸಿದರೆ ತೀರಾ ಕಡಿಮೆ. ಅದರಲ್ಲೂ ಬಹುಪಾಲು ನೆಲದ ಸ್ಟೇಷನ್‌ಗೆ ಇಳಿದ ಮೇಲೆ ಫೈಬರ್ ಹಿಡಿದೇ ಮುಂದೆ ಹೋಗಬೇಕು.

ಸರಿ, ಗಾಜಿನೊಳಗೆ ಬೆಳಕು ಬಿಡುತ್ತಾರೆ, ಆ ಕಡೆ ಹಿಡಿಯುತ್ತಾರೆ. ಇಷ್ಟೇ ಅಲ್ವಾ ಅನ್ನಿಸಬಹುದು. ಇಷ್ಟೇ ಆಗಿದ್ದರೆ ಈ ಕೇಬಲ್ ಕೆಲಸವೇ ಮಾಡುತ್ತಿರಲಿಲ್ಲ. ಅದು ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಈ ತಂತ್ರಜ್ಞಾನದ ಜೀವ ಇರುವುದೇ ಅಲ್ಲಿ.

ಎಷ್ಟೇ ಶುದ್ಧವಾದ ಗಾಜಾದರೂ ಬೆಳಕನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ. 1960ರ ದಶಕದ ಒಳ್ಳೆಯ ಗಾಜಿನಲ್ಲೂ ಕೆಲವು ಹತ್ತು ಮೀಟರ್ ಹೋಗುವಷ್ಟರಲ್ಲಿ ಬೆಳಕು ಕಥೆ ಮುಗಿಸುತ್ತಿತ್ತು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿ ತೋರಿಸಿದ್ದು 1954ರಲ್ಲಿ. ಆದರೆ ದೂರದ ಮಾತು ಆಗ ಕನಸೇ. 1966ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕಾವ್ ಒಂದು ದೊಡ್ಡ ಮಾತು ಹೇಳಿದರು: ತಪ್ಪು ಗಾಜಿನದ್ದಲ್ಲ, ಅದರಲ್ಲಿ ಸೇರಿಕೊಂಡಿರುವ ಕಲ್ಮಶದ್ದು. ಕಲ್ಮಶ ತೆಗೆದರೆ ಒಂದು ಕಿ.ಮೀ. ಆದ ಮೇಲೂ ನೂರರಲ್ಲಿ ಒಂದು ಪಾಲು ಬೆಳಕು ಉಳಿಸಬಹುದು, ಅಷ್ಟಾದರೆ ಫೋನಿಗೆ ಸಾಕು. ನಾಲ್ಕು ವರ್ಷಕ್ಕೆ, 1970ರಲ್ಲಿ, ಅಮೆರಿಕದ ಕಾರ್ನಿಂಗ್ ಕಂಪನಿ ಆ ಗಡಿ ದಾಟಿದ ಫೈಬರ್ ಮಾಡಿತು. ಕಾವ್‌ಗೆ 2009ರಲ್ಲಿ ನೊಬೆಲ್ ಬಂತು.

ಇವತ್ತಿನ ಸಮುದ್ರ ಕೇಬಲ್‌ನ ಗಾಜು ಇದಕ್ಕಿಂತ ಎಷ್ಟೋ ಮುಂದೆ ಹೋಗಿದೆ. ಅದರಲ್ಲಿ ಸುಮಾರು 65 ಕಿ.ಮೀ. ಹೋದ ಮೇಲೂ ಹತ್ತರಲ್ಲಿ ಒಂದು ಪಾಲು ಬೆಳಕು ಉಳಿದಿರುತ್ತದೆ. ಕೇಳುವುದಕ್ಕೆ ಅದ್ಭುತ. ಆದರೆ ಮರೇಯಾದ ಉದ್ದಕ್ಕೆ ಲೆಕ್ಕ ಹಾಕಿ ನೋಡಿ. 65 ಕಿ.ಮೀ.ಗೆ ಹತ್ತರಲ್ಲೊಂದು, 130ಕ್ಕೆ ನೂರರಲ್ಲೊಂದು, ಹೀಗೆ 6,600 ಕಿ.ಮೀ. ಮುಗಿಯುವಾಗ ಉಳಿಯುವ ಪಾಲು ಬರೆಯಬೇಕಾದರೆ ಒಂದರ ಮುಂದೆ ನೂರು ಸೊನ್ನೆ ಹಾಕಿ, ಅಷ್ಟರಲ್ಲಿ ಒಂದು ಅನ್ನಬೇಕು. ಒಂದು ಸಾಧಾರಣ ಲೇಸರ್ ಸೆಕೆಂಡಿಗೆ ಕೋಟಿ ಕೋಟಿ ಲೆಕ್ಕದಲ್ಲಿ ಬೆಳಕಿನ ಕಣಗಳನ್ನು ಉಗುಳುತ್ತದೆ. ಆದರೂ ಈ ವಿಶ್ವ ಹುಟ್ಟಿದ ದಿನದಿಂದ ಇವತ್ತಿನವರೆಗೆ ಅದನ್ನು ಆರಿಸದೆ ಉರಿಸಿಟ್ಟಿದ್ದರೂ, ಸ್ಪೇನ್ ದಡಕ್ಕೆ ಒಂದೇ ಒಂದು ಕಣವೂ ತಲುಪುತ್ತಿರಲಿಲ್ಲ.

ಹಾಗಾಗಿ ದಾರಿಯುದ್ದಕ್ಕೂ ಬೆಳಕಿಗೆ ಮತ್ತೆ ಮತ್ತೆ ಬಲ ತುಂಬಬೇಕು. ಅದಕ್ಕೆಂದೇ 60ರಿಂದ 100 ಕಿ.ಮೀ.ಗೆ ಒಂದರಂತೆ ಕೇಬಲ್ ನಡುವೆ ರಿಪೀಟರ್ ಕೂರಿಸಿರುತ್ತಾರೆ.

ಮೊದಮೊದಲ ರಿಪೀಟರ್‌ಗಳ ಕೆಲಸ ಬಹಳ ಸುತ್ತುಬಳಸಿನದ್ದು. 1988ರಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಫೈಬರ್ ಕೇಬಲ್ ಟ್ಯಾಟ್-8 ಅಂತ. ಅದರ ರಿಪೀಟರ್ ಬರುವ ಬೆಳಕನ್ನು ಹಿಡಿದು, ಕರೆಂಟ್ ಸಿಗ್ನಲ್ ಆಗಿ ಬದಲಿಸಿ, ಶುದ್ಧ ಮಾಡಿ, ಮತ್ತೆ ಹೊಸ ಲೇಸರ್‌ನಿಂದ ಬೆಳಕಾಗಿ ಕಳಿಸುತ್ತಿತ್ತು. ಒಂದೇ ಹೊತ್ತಿಗೆ 40,000 ಫೋನ್ ಕರೆ ಹೊರುವ ಶಕ್ತಿ ಅದಕ್ಕಿತ್ತು, ಆ ಕಾಲಕ್ಕೆ ಅದು ಬಹಳ ದೊಡ್ಡದು. ಆದರೆ ಒಂದು ತೊಡಕು. ರಿಪೀಟರ್ ಒಳಗಿನ ಎಲೆಕ್ಟ್ರಾನಿಕ್ಸ್ ಯಾವ ವೇಗಕ್ಕೆ ಮಾಡಿದ್ದರೋ ಆ ವೇಗಕ್ಕೇ ಕೇಬಲ್ ಸಾಯುವವರೆಗೂ ಕಟ್ಟುಬಿದ್ದಿರುತ್ತದೆ. ಸಮುದ್ರದ ತಳಕ್ಕೆ ಹೋಗಿ ನೂರಾರು ಪೆಟ್ಟಿಗೆ ಬಿಚ್ಚಿ ಹೊಸದು ಕೂರಿಸುವವರು ಯಾರು?

ಇದನ್ನು ಬಿಡಿಸಿದ್ದು ಎರ್ಬಿಯಂ ಅನ್ನೋ ಲೋಹ. 1980ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪೇನ್ ತಂಡ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಇಮ್ಯಾನುಯೆಲ್ ಡೆಸುರ್ವಿರ್ ಮತ್ತು ಜೊತೆಗಾರರು ಇದರ ಮೇಲೆ ಕೆಲಸ ಮಾಡಿದರು. ಕೆಲವು ಮೀಟರ್ ಫೈಬರ್‌ಗೆ ಚೂರೇ ಚೂರು ಎರ್ಬಿಯಂ ಬೆರೆಸುತ್ತಾರೆ. ಪಕ್ಕದಲ್ಲೊಂದು ಪುಟ್ಟ ಲೇಸರ್ ಇಟ್ಟು ಅದಕ್ಕೆ ಬೇರೆ ಬಣ್ಣದ ಬೆಳಕು ಊಡಿಸುತ್ತಾರೆ. ಎರ್ಬಿಯಂ ಪರಮಾಣುಗಳು ಆ ಶಕ್ತಿಯನ್ನು ಕುಡಿದು ತುಂಬಿಕೊಂಡು ಕೂತಿರುತ್ತವೆ. ದೂರದಿಂದ ಸೊರಗಿ ಬಂದ ಸಿಗ್ನಲ್ ಬೆಳಕಿನ ಒಂದು ಕಣ ಅವುಗಳ ಪಕ್ಕ ಹಾದುಹೋದರೆ ಸಾಕು, ಪರಮಾಣು ತನ್ನಲ್ಲಿರುವ ಶಕ್ತಿಯನ್ನು ಅದೇ ಬಣ್ಣದ, ಅದೇ ದಿಕ್ಕಿಗೆ ಓಡುವ ಇನ್ನೊಂದು ಕಣವಾಗಿ ಬಿಟ್ಟುಬಿಡುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಬೆಳಕು ಬೆಳಕಾಗಿಯೇ ಇದ್ದು ಜೋರಾಗಿ ಹೊರಬರುತ್ತದೆ. ಇನ್ನೂ ಚೆನ್ನಾಗಿರುವ ವಿಷಯ ಏನೆಂದರೆ, ಈ ಎರ್ಬಿಯಂ ಬಲ ತುಂಬುವುದು 1,550 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಬೆಳಕಿಗೆ, ಗಾಜು ಅತಿ ಕಡಿಮೆ ತಿನ್ನುವುದೂ ಅದೇ ಬೆಳಕನ್ನು. ಪ್ರಕೃತಿಯಲ್ಲಿ ಇವೆರಡು ಹೀಗೆ ಹೊಂದಿಕೊಂಡಿರುವುದು ನಮ್ಮ ಪುಣ್ಯ ಅಂತಲೇ ನಾನು ಅಂದುಕೊಳ್ಳುವುದು.

ಇದರಿಂದ ಆದ ಲಾಭ ಎರಡು. ಒಂದು, ಒಂದೇ ಎಳೆಯಲ್ಲಿ ಹತ್ತಾರು ಬೇರೆ ಬೇರೆ ಬಣ್ಣದ ಬೆಳಕನ್ನು ಒಟ್ಟಿಗೆ ಕಳಿಸಬಹುದು. ಪ್ರತಿ ಬಣ್ಣವೂ ತನ್ನದೇ ಡೇಟಾ ಹೊರುತ್ತದೆ, ಒಂದೇ ರಿಪೀಟರ್ ಎಲ್ಲಕ್ಕೂ ಬಲ ತುಂಬುತ್ತದೆ. ಎರಡನೆಯದು, ಬೆಳಕಿನಲ್ಲಿ ಡೇಟಾ ಎಷ್ಟು ವೇಗವಾಗಿ ಬರುತ್ತಿದೆ ಅನ್ನೋದು ರಿಪೀಟರ್‌ಗೆ ಬೇಕಾಗಿಯೇ ಇಲ್ಲ. ಹಾಗಾಗಿ ಎರಡು ದಡಗಳಲ್ಲಿರುವ ಯಂತ್ರ ಮಾತ್ರ ಬದಲಿಸಿ, ನೀರಿನೊಳಗಿನ ಏನನ್ನೂ ಮುಟ್ಟದೆ, ಹಳೇ ಕೇಬಲ್‌ನಿಂದ ಜಾಸ್ತಿ ಕೆಲಸ ತೆಗೆಯಬಹುದು. 1996ರಲ್ಲಿ ಬಂದ ಟ್ಯಾಟ್-12/13ರಿಂದ ಅಟ್ಲಾಂಟಿಕ್‌ನಲ್ಲಿ ಇದೇ ಪದ್ಧತಿ. ಇದಕ್ಕೂ ಮಿತಿ ಇದೆ. ಪ್ರತಿ ಸಲ ಬಲ ತುಂಬಿದಾಗಲೂ ಸ್ವಲ್ಪ ಗದ್ದಲ, ಅಂದರೆ ನಾಯ್ಸ್, ಸೇರಿಕೊಳ್ಳುತ್ತದೆ. ನೂರು ಸಲ ಆಗುವಷ್ಟರಲ್ಲಿ ಅದು ಗುಡ್ಡೆಯಾಗುತ್ತದೆ, ದಡದಲ್ಲಿರುವ ಯಂತ್ರ ಗಣಿತದ ಬಲದಿಂದ ಗದ್ದಲ ಬೇರೆ, ಮಾತು ಬೇರೆ ಅಂತ ಬಿಡಿಸಬೇಕು.

ನೀರಿನೊಳಗೆ ಅಷ್ಟೊಂದು ರಿಪೀಟರ್‌ಗೆ ಕರೆಂಟ್ ಎಲ್ಲಿಂದ? ಅದೂ ದಡದಿಂದಲೇ. ಫೈಬರ್ ಸುತ್ತ ತಾಮ್ರದ ಒಂದು ಕೊಳವೆ ಇರುತ್ತದೆ, ಅದರ ಮೂಲಕ 10,000 ವೋಲ್ಟ್ ಮೀರಿದ ಡಿಸಿ ಕರೆಂಟ್ ಹರಿಸುತ್ತಾರೆ. ಹರಿಯುವುದು ಒಂದು ಆಂಪಿಯರ್ ಆಸುಪಾಸು ಅಷ್ಟೇ. ಒಂದು ದಡದಲ್ಲಿ ಪ್ಲಸ್, ಇನ್ನೊಂದು ದಡದಲ್ಲಿ ಮೈನಸ್. ವಾಪಸ್ ಬರುವುದಕ್ಕೆ ಬೇರೆ ತಂತಿ ಇಲ್ಲ, ಸಮುದ್ರ ಮತ್ತು ಭೂಮಿಯೇ ಆ ಕೆಲಸ ಮಾಡುತ್ತವೆ. ಎಲ್ಲೋ ಒಂದು ಕಡೆ ಪ್ಲಾಸ್ಟಿಕ್ ಹೊದಿಕೆ ಸವೆದು ತಾಮ್ರ ನೀರಿಗೆ ತಾಗಿತು ಅಂದುಕೊಳ್ಳಿ, ಆದರೆ ಗಾಜಿನ ಎಳೆ ಸರಿ ಇದೆ. ಆಗ ಎರಡೂ ದಡದ ಎಂಜಿನಿಯರ್‌ಗಳು ತಮ್ಮ ತಮ್ಮ ವೋಲ್ಟೇಜ್ ಏರಿಸಿ ಇಳಿಸಿ, ವೋಲ್ಟೇಜ್ ಸೊನ್ನೆಯಾಗುವ ಜಾಗ ಸರಿಯಾಗಿ ಆ ಗಾಯದ ಮೇಲೇ ಬರುವಂತೆ ಮಾಡುತ್ತಾರೆ. ಸೊನ್ನೆ ಇರುವ ಕಡೆ ಸೋರುವುದಕ್ಕೆ ಏನೂ ಇಲ್ಲ. ರಿಪೇರಿ ಹಡಗು ಬರುವವರೆಗೂ ಕೇಬಲ್ ಹಾಗೇ ದುಡಿಯುತ್ತಿರುತ್ತದೆ. ಈ ಉಪಾಯ ಮೊದಲ ಸಲ ಓದಿದಾಗ ಅದನ್ನು ಯೋಚಿಸಿದವರಿಗೆ ಕೈಮುಗಿಯಬೇಕು ಅನ್ನಿಸಿತ್ತು.

ಕೇಬಲ್ ಎಷ್ಟು ದಪ್ಪ ಇರಬಹುದು? ಆಳ ಸಮುದ್ರದಲ್ಲಿ 17ರಿಂದ 20 ಮಿ.ಮೀ., ಅಂದರೆ ನಿಮ್ಮ ಹೆಬ್ಬೆರಳಿನಷ್ಟು. ನಡುವೆ ಫೈಬರ್, ಅದನ್ನು ಸುತ್ತಿ ಉಕ್ಕಿನ ತಂತಿ, ತಾಮ್ರ, ಮೇಲೆ ಪಾಲಿಥೀನ್. ದಡದ ಹತ್ತಿರ ಬಂದಂತೆ ಮೇಲಿಂದ ಮೇಲೆ ಉಕ್ಕಿನ ತಂತಿಯ ಕವಚ ಸುತ್ತಿ, ದಪ್ಪ 50 ಮಿ.ಮೀ.ವರೆಗೂ ಹೋಗುತ್ತದೆ. ಐದು ಸಾವಿರ ಮೀಟರ್ ಆಳದಲ್ಲಿ ತೆಳ್ಳಗೆ, ಮೊಣಕಾಲುದ್ದ ನೀರಿನಲ್ಲಿ ದಪ್ಪ! ತಿರುವುಮುರುವಾಗಿ ಕಾಣುತ್ತೆ. ಆದರೆ ಆಳದಲ್ಲಿ ಕೇಬಲ್ ಮುಟ್ಟುವವರು ಯಾರೂ ಇಲ್ಲ. ಅಪಾಯ ಇರುವುದೆಲ್ಲ ಮನುಷ್ಯರು ಓಡಾಡುವ ಕಡೆ.

ಹಾಕುವ ಕೆಲಸಕ್ಕಿಂತ ಮೊದಲು ದಾರಿ ಹುಡುಕಬೇಕು. ಸರ್ವೆ ಹಡಗು ಸೋನಾರ್ ಹಿಡಿದು ತಳದ ನಕ್ಷೆ ಮಾಡುತ್ತದೆ. ಕಡಿದಾದ ಇಳಿಜಾರು, ಜ್ವಾಲಾಮುಖಿ, ಮುಳುಗಿದ ಹಡಗು, ಹಳೇ ಕೇಬಲ್ ಎಲ್ಲ ತಪ್ಪಿಸಬೇಕು. ಆಮೇಲೆ ಕಾರ್ಖಾನೆಯಿಂದ ಕೇಬಲ್ ನೇರ ಹಡಗಿಗೆ. ಹಡಗಿನ ಹೊಟ್ಟೆಯಲ್ಲಿ ದೊಡ್ಡ ದೊಡ್ಡ ದುಂಡು ಟ್ಯಾಂಕ್‌ಗಳಿರುತ್ತವೆ. ಅಲ್ಲಿ ಕೇಬಲ್ ಸುತ್ತುವುದು ಇವತ್ತಿಗೂ ಮನುಷ್ಯರೇ. ಮೇಲಿಂದ ಇಳಿಯುವ ಕೇಬಲ್ ಹಿಡಿದು ಕೆಲಸಗಾರರು ಟ್ಯಾಂಕಿನೊಳಗೆ ಸುತ್ತು ಹಾಕುತ್ತಾ, ಒಂದರ ಪಕ್ಕ ಒಂದು ಒತ್ತಾಗಿ ಮಲಗಿಸುತ್ತಾರೆ. ಸಾವಿರಾರು ಕಿ.ಮೀ. ಕೇಬಲ್, ವಾರಗಟ್ಟಲೆ ಹಗಲೂ ರಾತ್ರಿ ಪಾಳಿಯಲ್ಲಿ ಇದೇ ಕೆಲಸ. ಒಂದು ಸುತ್ತು ಸಿಕ್ಕುಬಿದ್ದರೂ ನಡುಸಮುದ್ರದಲ್ಲಿ ಹಡಗು ನಿಲ್ಲಿಸಬೇಕಾಗುತ್ತದೆ, ಹಾಗಾಗಿ ಯಾರೂ ಅವಸರ ಮಾಡುವುದಿಲ್ಲ. ದಡದ ಕಡೆ ಹಡಗು ನೇಗಿಲಿನಂಥ ಯಂತ್ರ ಎಳೆಯುತ್ತಾ ತಳವನ್ನು ಸೀಳಿ, ಒಂದೆರಡು ಮೀಟರ್ ಆಳಕ್ಕೆ ಕೇಬಲ್ ಹೂಳುತ್ತಾ ಹೋಗುತ್ತದೆ. ಆಳ ಹೆಚ್ಚಾದ ಮೇಲೆ ಹೂಳುವುದಿಲ್ಲ. ಸುಮ್ನೆ ತಳದ ಮೇಲೆ ಮಲಗಿಸುತ್ತಾರೆ.

ಇನ್ನು ತುಂಡಾಗುವ ವಿಷಯ. ಪ್ರಪಂಚದಲ್ಲಿ ವರ್ಷಕ್ಕೆ 150ರಿಂದ 200 ಸಲ ಇಂಥ ಕೇಬಲ್‌ಗಳಿಗೆ ಏಟು ಬೀಳುತ್ತದೆ. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಟ್ರಾಲ್ ಬೋಟಿನ ಬಲೆ ಮತ್ತು ಹಡಗಿನ ಲಂಗರಿನಿಂದ. ಶಾರ್ಕ್ ಕಚ್ಚುವ ಕಥೆ ಎಲ್ಲರಿಗೂ ಇಷ್ಟ. 1980ರ ದಶಕದಲ್ಲಿ ಕ್ಯಾನರಿ ದ್ವೀಪಗಳ ಹತ್ತಿರ ಕೇಬಲ್‌ನಲ್ಲಿ ಶಾರ್ಕ್ ಹಲ್ಲು ಸಿಕ್ಕಿದ್ದೂ ನಿಜ. ಈಗಿನ ದಾಖಲೆಗಳಲ್ಲಿ ಅದು ಲೆಕ್ಕಕ್ಕೇ ಇಲ್ಲ. ಭೂಕಂಪ ಮಾತ್ರ ಬಂದರೆ ಒಂದೇ ಏಟಿಗೆ ಹಲವನ್ನು ಕತ್ತರಿಸಿಬಿಡುತ್ತದೆ. 2006ರ ಡಿಸೆಂಬರ್ 26ರಂದು ತೈವಾನ್ ದಕ್ಷಿಣಕ್ಕೆ ಆದ ಭೂಕಂಪದಲ್ಲಿ ಸಮುದ್ರದೊಳಗೆ ಕೆಸರು ಕುಸಿದು ಹರಿದು ಒಂಬತ್ತು ಕೇಬಲ್ ಹೋದವು. 11 ಹಡಗು ಸೇರಿ ಸರಿಮಾಡುವುದಕ್ಕೆ 49 ದಿನ ಬೇಕಾಯಿತು.

ಎಲ್ಲಿ ತುಂಡಾಗಿದೆ ಅಂತ ತಿಳಿಯುವುದು ಸುಲಭ. ದಡದಿಂದ ಬೆಳಕಿನ ಒಂದು ಮಿಡಿತ ಬಿಟ್ಟು, ಅದು ತಿರುಗಿ ಬರಲು ತೆಗೆದುಕೊಂಡ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಬಿಗಿಯಾಗಿ ಮಲಗಿರುವ ಕೇಬಲ್ಲನ್ನು ಹಾಗೇ ಮೇಲಕ್ಕೆ ಎಳೆಯಲು ಆಗುವುದಿಲ್ಲ, ಅಷ್ಟು ಸಡಿಲ ಅದರಲ್ಲಿ ಇರುವುದಿಲ್ಲ. ಹಾಗಾಗಿ ಹಡಗಿನಿಂದ ಉದ್ದದ ಹಗ್ಗಕ್ಕೆ ಕೊಕ್ಕೆ ಕಟ್ಟಿ ಇಳಿಸಿ, ಮೊದಲು ಕೇಬಲ್ಲನ್ನು ಪೂರ್ತಿ ಕತ್ತರಿಸುತ್ತಾರೆ. ಒಂದು ತುದಿಯನ್ನು ಎತ್ತಿ, ಪರೀಕ್ಷೆ ಮಾಡಿ, ತೇಲುವ ಬೋಯಿಗೆ ಕಟ್ಟಿ ಬಿಡುತ್ತಾರೆ. ಇನ್ನೊಂದು ತುದಿ ಹುಡುಕಿ ಎತ್ತುತ್ತಾರೆ. ನಡುವೆ ಹೊಸ ಕೇಬಲ್ ಸೇರಿಸುತ್ತಾರೆ.

ಕೊಕ್ಕೆ ಹಾಕುವ ಈ ಕ್ರಮ ಹೊಸದೇನಲ್ಲ. 1865ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಅಟ್ಲಾಂಟಿಕ್‌ನಲ್ಲಿ ಟೆಲಿಗ್ರಾಫ್ ಕೇಬಲ್ ಹಾಕುವಾಗ ಅದು ತುಂಡಾಗಿ ಸುಮಾರು ನಾಲ್ಕು ಕಿ.ಮೀ. ಆಳಕ್ಕೆ ಹೋಗಿತ್ತು. ಮರುವರ್ಷ ಅದೇ ಹಡಗು ಹೊಸ ಕೇಬಲ್ ಒಂದನ್ನು ಐರ್ಲೆಂಡಿನ ವ್ಯಾಲೆನ್ಷಿಯಾದಿಂದ ನ್ಯೂಫೌಂಡ್‌ಲ್ಯಾಂಡಿನ ಹಾರ್ಟ್ಸ್ ಕಂಟೆಂಟ್‌ವರೆಗೆ ಹಾಕಿ ಮುಗಿಸಿತು. ಆಮೇಲೆ ವಾಪಸ್ ಹೋಗಿ, ಕೊಕ್ಕೆ ಹಾಕಿ ಹಾಕಿ, ಕಳೆದುಹೋಗಿದ್ದ ತುದಿಯನ್ನು ಕತ್ತಲ ನೀರಿನಿಂದ ಎತ್ತಿತು. ಜಿಪಿಎಸ್ ಇಲ್ಲದ ಕಾಲ. ಸೂರ್ಯ ನಕ್ಷತ್ರ ನೋಡಿ ಜಾಗ ಗುರುತು ಹಾಕಿದವರ ಕೆಲಸ ಅದು.

ಹಡಗಿನ ಮೇಲೆ ಜೋಡಿಸುವ ಕೋಣೆಯ ಕೆಲಸ ಬೇರೆಯೇ ಬಗೆಯದು. ಗಾಜಿನ ಎಳೆಯ ದಪ್ಪ 0.125 ಮಿ.ಮೀ. ಬೆಳಕು ಓಡುವ ನಡುಭಾಗ ಅದರಲ್ಲಿ ಸುಮಾರು ಹತ್ತನೇ ಒಂದು ಪಾಲು. ಎಳೆಯ ಮೇಲಿನ ಹೊದಿಕೆ ಸುಲಿದು, ಆಲ್ಕೋಹಾಲಿನಿಂದ ಒರೆಸಿ, ತುದಿಯನ್ನು ನೇರವಾಗಿ ಕಡಿದು, ಎರಡು ತುದಿಗಳನ್ನು ಯಂತ್ರದಲ್ಲಿ ಎದುರುಬದುರು ಇಡುತ್ತಾರೆ. ಒಂದು ವಿದ್ಯುತ್ ಕಿಡಿ ಹಾರುತ್ತದೆ, ಗಾಜು ಕರಗಿ ಒಂದಾಗುತ್ತದೆ. ಹಡಗು ಅಲೆಯ ಮೇಲೆ ಅಲುಗುತ್ತಿರುವಾಗಲೇ ಈ ಕೆಲಸ ನಡೆಯಬೇಕು, ಒಂದೊಂದು ಎಳೆಗೂ. ಆಮೇಲೆ ಮೇಲೆ ಪಾಲಿಥೀನ್ ಅಚ್ಚು ಹಾಕಿ, ಒಳಗೆ ಗಾಳಿಗುಳ್ಳೆ ಉಳಿದಿದೆಯಾ ಅಂತ ಎಕ್ಸ್-ರೇ ತೆಗೆದು ನೋಡುತ್ತಾರೆ. ಒಂದು ಜೋಡಣೆ ಮುಗಿಯುವುದಕ್ಕೆ ಒಂದು ದಿನದಷ್ಟು ಹೊತ್ತು ಹಿಡಿಯುತ್ತದೆ.

ಹಡಗು ಹತ್ತಿರ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಟೊಂಗಾ ಸಾಕ್ಷಿ. 2022ರ ಜನವರಿ 15ರಂದು ಹುಂಗಾ ಟೊಂಗಾ ಜ್ವಾಲಾಮುಖಿ ಸಿಡಿದಾಗ, ಆ ದ್ವೀಪದೇಶವನ್ನು ಫಿಜಿಗೆ ಜೋಡಿಸಿದ್ದ 827 ಕಿ.ಮೀ. ಕೇಬಲ್ ತುಂಡುತುಂಡಾಯಿತು. ಅವರಿಗಿದ್ದ ಹೊರದೇಶದ ಕೇಬಲ್ ಅದೊಂದೇ. ಬೇರೆ ದೇಶಗಳಲ್ಲಿದ್ದ ಮಕ್ಕಳು ಅಪ್ಪ ಅಮ್ಮ ಬದುಕಿದ್ದಾರಾ ಅಂತ ತಿಳಿಯದೆ ದಿನಗಟ್ಟಲೆ ಕಾದರು. ರಿಲಯನ್ಸ್ ಅನ್ನೋ ಹಡಗು ಪಪುವಾ ನ್ಯೂಗಿನಿಯ ಪೋರ್ಟ್ ಮೋರ್ಸ್‌ಬಿಯಿಂದ ಹೊರಟು ಬಂದು, ಸಂಪರ್ಕ ಮರಳಿದ್ದು ಫೆಬ್ರವರಿ 22ಕ್ಕೆ. ಟೊಂಗಾದೊಳಗೆ ದ್ವೀಪದಿಂದ ದ್ವೀಪಕ್ಕಿದ್ದ ಕೇಬಲ್ ಸರಿಯಾಗುವ ಹೊತ್ತಿಗೆ 2023 ಬಂದಿತ್ತು.

ನಮಗೂ ಇದರ ಬಿಸಿ ತಟ್ಟಿದೆ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ಡೇಟಾ ಮೊದಲು ನೆಲದ ಫೈಬರ್‌ನಲ್ಲಿ ಮುಂಬೈಗೋ ಚೆನ್ನೈಗೋ ಹೋಗಬೇಕು. ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2023ರಲ್ಲಿ ಕೊಟ್ಟ ಲೆಕ್ಕದಲ್ಲಿ ಭಾರತಕ್ಕೆ ಬರುವ ಅಂತಾರಾಷ್ಟ್ರೀಯ ಕೇಬಲ್ 17, ಅವು ದಡ ಹತ್ತುವ ಸ್ಟೇಷನ್ 14, ಎಲ್ಲವೂ ಮುಂಬೈ, ಚೆನ್ನೈ, ಕೊಚ್ಚಿ, ತೂತುಕುಡಿ, ತಿರುವನಂತಪುರ ಈ ಐದು ಊರಲ್ಲಿ. ಮಂಗಳೂರು, ಕಾರವಾರ ಆ ಪಟ್ಟಿಯಲ್ಲಿಲ್ಲ. ಮುಂಬೈನಿಂದ ಪಶ್ಚಿಮಕ್ಕೆ ಹೊರಟ ಕೇಬಲ್‌ಗಳಲ್ಲಿ ಹೆಚ್ಚಿನವು ಅರಬ್ಬೀ ಸಮುದ್ರ ದಾಟಿ ಕೆಂಪು ಸಮುದ್ರದ ಇಕ್ಕಟ್ಟಿಗೆ ನುಗ್ಗುತ್ತವೆ. 2024ರ ಫೆಬ್ರವರಿಯಲ್ಲಿ ಯೆಮೆನ್ ಬಂಡುಕೋರರಾದ ಹೂಥಿಗಳ ದಾಳಿಗೆ ಸಿಕ್ಕ ರೂಬಿಮಾರ್ ಹಡಗನ್ನು ಸಿಬ್ಬಂದಿ ಬಿಟ್ಟುಹೋದರು. ಅದು ಲಂಗರು ಎಳೆದುಕೊಂಡು ತೇಲುತ್ತಾ ಹೋಗಿ ಮೂರು ಕೇಬಲ್ ಕಿತ್ತಿತು ಅನ್ನೋದೇ ಹೆಚ್ಚಿನವರು ಒಪ್ಪುವ ವಿವರಣೆ. ಯುದ್ಧದ ನೀರಿಗೆ ರಿಪೇರಿ ಹಡಗು ಕಳಿಸಲು ಅನುಮತಿ ಸಿಗುವುದಕ್ಕೇ ತಿಂಗಳುಗಳು ಹೋದವು. 2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾ ಹತ್ತಿರ ಮತ್ತೆ ಕೇಬಲ್‌ಗಳು ತುಂಡಾದಾಗ ಭಾರತ, ಪಾಕಿಸ್ತಾನ, ಯುಎಇಯಲ್ಲಿ ಇಂಟರ್ನೆಟ್ ನಿಧಾನವಾಯಿತು. ಪೂರ್ತಿ ನಿಲ್ಲಲಿಲ್ಲ, ಏಕೆಂದರೆ ಡೇಟಾ ಉಳಿದ ಕೇಬಲ್‌ಗಳಿಗೆ ತಿರುಗಿಕೊಳ್ಳುತ್ತದೆ, ಬೇಕಾದರೆ ಸಿಂಗಾಪುರ, ಪೆಸಿಫಿಕ್, ಅಮೆರಿಕ ಸುತ್ತಿ ಯುರೋಪ್ ಸೇರುತ್ತದೆ. ದೂರದ ದಾರಿ, ಹಾಗಾಗಿ ತಡ.

ಆದ್ದರಿಂದ ಕೇಬಲ್ ಸುರಕ್ಷತೆ ಅಂದರೆ ದಪ್ಪ ಕವಚ, ಕಾವಲು ಅಂತ ಮಾತಾಡುವುದು ನನಗೆ ಅರ್ಧ ಮಾತು ಅನ್ನಿಸುತ್ತದೆ. ಲಂಗರಿನ ಭಾರಕ್ಕೆ ಯಾವ ಕವಚವೂ ನಿಲ್ಲುವುದಿಲ್ಲ. ಕೆಲಸಕ್ಕೆ ಬರುವುದು ಎರಡು: ಒಂದಕ್ಕೊಂದು ದೂರದಲ್ಲಿರುವ ಬೇರೆ ಬೇರೆ ದಾರಿಗಳು, ಮತ್ತು ಬೇಗ ಬರುವ ರಿಪೇರಿ ಹಡಗು. ಮರೇಯಾವನ್ನು ನ್ಯೂಯಾರ್ಕ್ ಬಿಟ್ಟು ವರ್ಜೀನಿಯಾಕ್ಕೆ ಒಯ್ದದ್ದರ ಹಿಂದೆಯೂ ಇದೇ ಯೋಚನೆ. 2012ರ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್, ನ್ಯೂಜೆರ್ಸಿಯನ್ನು ಹೊಡೆದಾಗ, ಅಟ್ಲಾಂಟಿಕ್‌ನ ಹೆಚ್ಚಿನ ಕೇಬಲ್‌ಗಳು ಅಲ್ಲೇ ಗುಂಪಾಗಿ ದಡ ಹತ್ತುವುದು ಎಷ್ಟು ಅಪಾಯ ಅಂತ ಎಲ್ಲರಿಗೂ ಕಂಡಿತ್ತು. ನಮ್ಮಲ್ಲಿ ಮುಂಬೈನ ವರ್ಸೋವಾ ಕಡಲತೀರದ ಕೆಲವೇ ಕಿಲೋಮೀಟರ್‌ಗಳಲ್ಲಿ ಕೇಬಲ್‌ಗಳು ಹಾಗೇ ಒತ್ತೊತ್ತಾಗಿ ಬಂದು ಸೇರುತ್ತವೆ. ಭಾರತದ ಧ್ವಜ ಹೊತ್ತ ರಿಪೇರಿ ಹಡಗು ಇಲ್ಲ, ಹೊರಗಿನ ಹಡಗು ಬಂದು ಅನುಮತಿ ಪಡೆದು ಕೆಲಸ ಶುರು ಮಾಡುವುದಕ್ಕೆ ತಡವಾಗುತ್ತಿದೆ, ಇದನ್ನು ಸರಿಮಾಡಬೇಕು ಅಂತ ಟ್ರಾಯ್ 2023ರ ಜೂನ್‌ನ ಶಿಫಾರಸಿನಲ್ಲಿ ಬರೆದಿದೆ. ಅಮೆರಿಕ, ಬ್ರೆಜಿಲ್, ದಕ್ಷಿಣ ಆಫ್ರಿಕಾ, ಭಾರತ ಸೇರಿಸುವ 50,000 ಕಿ.ಮೀ.ಗೂ ಉದ್ದದ ವಾಟರ್‌ವರ್ತ್ ಕೇಬಲ್ ಹಾಕುವುದಾಗಿ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ 2025ರಲ್ಲಿ ಹೇಳಿದೆ. ಅದು ನಮ್ಮ ದಡಕ್ಕೆ ಬರುವುದರೊಳಗೆ ರಿಪೇರಿಗೆ ಒಂದು ಹಡಗು, ಅದರಲ್ಲಿ ಎಳೆ ಜೋಡಿಸಲು ಕಲಿತ ನಮ್ಮವರೇ ಕೆಲವರು, ಮತ್ತು ವಾರಗಟ್ಟಲೆ ಕಾಯಿಸದ ಅನುಮತಿ, ಇಷ್ಟನ್ನು ಸರ್ಕಾರ ಸಿದ್ಧ ಮಾಡಿಡಬೇಕು.